ರೈಲು ನಿಲ್ದಾಣದಲ್ಲಿ ಗಿಟಾರ್ ನುಡಿಸಿದ ಸಿಸ್ಟರ್



ಚರ್ಚಿನ ಹಬ್ಬದ ಸಂಜೆಯ ಕಾರ್ಯಕ್ರಮಕ್ಕೆ ಹಳೆಯ ಇಂಗ್ಲಿಷ್ ಹಾಡುಗಳನ್ನು ಆರಿಸುವ ಕೆಲಸ ಈ ಸಲ ನಮ್ಮ ಪಾಲಿಗೆ ಬಂದಿತ್ತು. ಕೊಯರ್ ಅಭ್ಯಾಸ ಮುಗಿದ ಮೇಲೆ ಒಂದೇ ಮೊಬೈಲಿನ ಸುತ್ತ ಆರೇಳು ಮಂದಿ ಕುಳಿತು ಯೂಟ್ಯೂಬ್ ನೋಡುತ್ತಿದ್ದೆವು. ಎಲ್ವಿಸ್ ಪ್ರೆಸ್ಲಿಯಿಂದ ಶುರುವಾಗಿ ಜಾನಿ ಕ್ಯಾಶ್‌ಗೆ ಹೋಯಿತು. ಅಲ್ಲಿಂದ ತಾನಾಗಿಯೇ ಇನ್ನೊಂದು ವಿಡಿಯೋ ತೆರೆದುಕೊಂಡಿತು. ಹೆಸರು ನೋಡಿದರೆ ಸಿಸ್ಟರ್ ರೊಸೆಟ್ಟಾ ಥಾರ್ಪ್. ಸಿಸ್ಟರ್ ಎಂದ ಕೂಡಲೇ ನಮಗೆ ಕಾನ್ವೆಂಟಿನ ಸಿಸ್ಟರೇ ನೆನಪಾದದ್ದು. ಆದರೆ ಪರದೆಯ ಮೇಲೆ ಕಂಡದ್ದು ಉದ್ದನೆಯ ಕೋಟು ತೊಟ್ಟ, ಸುಮಾರು ಐವತ್ತು ವರ್ಷದ ಕಪ್ಪು ವರ್ಣದ ಹೆಂಗಸು. ಹೆಗಲಲ್ಲಿ ಬಿಳಿಯ ಎಲೆಕ್ಟ್ರಿಕ್ ಗಿಟಾರ್. ನಿಂತಿರುವುದು ರೈಲ್ವೆ ಪ್ಲಾಟ್‌ಫಾರ್ಮಿನ ಮೇಲೆ. ನೆಲವೆಲ್ಲ ಒದ್ದೆ. ಹಳಿಯ ಆಚೆ ಬದಿಯ ಪ್ಲಾಟ್‌ಫಾರ್ಮಿನಲ್ಲಿ ಕುಳಿತ ಬಿಳಿಯ ಹುಡುಗ ಹುಡುಗಿಯರು ಚಪ್ಪಾಳೆ ತಟ್ಟುತ್ತಿದ್ದಾರೆ. ಆಕೆ ಹಾಡುತ್ತಿರುವುದು ನೋಹನ ಕಾಲದ ಜಲಪ್ರಳಯದ ಬಗ್ಗೆ!

ನಮ್ಮ ಕೊಯರಿನ ಗಿಟಾರ್ ಹುಡುಗ ಹಾಡಿನ ನಡುವಿನ ಆಕೆಯ ನುಡಿಸಾಣಿಕೆಯನ್ನು ಹಿಂದಕ್ಕೆ ಎಳೆದು ಎಳೆದು ನಾಲ್ಕು ಸಲ ಕೇಳಿದ. ಹಬ್ಬದ ಹಾಡುಗಳ ಪಟ್ಟಿ ಅಂದು ಮುಗಿಯಲಿಲ್ಲ. ಈಕೆ ಯಾರು ಎಂದು ಹುಡುಕುತ್ತ ಹೋದದ್ದೇ ಈ ಬರಹ.

ರೊಸೆಟ್ಟಾ ಹುಟ್ಟಿದ್ದು 1915ರ ಮಾರ್ಚ್ 20ರಂದು, ಅಮೆರಿಕದ ಅರ್ಕನ್ಸಾ ರಾಜ್ಯದ ಕಾಟನ್ ಪ್ಲಾಂಟ್ ಎಂಬಲ್ಲಿ. ಹತ್ತಿ ಬೆಳೆಯುವ ಸೀಮೆ, ಊರಿನ ಹೆಸರೇ ಹತ್ತಿಗಿಡ. ತಾಯಿ ಕೇಟಿ ಬೆಲ್ ನ್ಯೂಬಿನ್ 'ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್' ಎಂಬ ಪೆಂತೆಕೋಸ್ತ್ ಸಭೆಯ ಸುವಾರ್ತಾ ಪ್ರಸಾರಕಿ. ಮ್ಯಾಂಡೊಲಿನ್ ನುಡಿಸುತ್ತ ಊರೂರು ತಿರುಗಿ ಬೋಧಿಸುತ್ತಿದ್ದಳು. ಆ ಸಭೆಯನ್ನು ಕಟ್ಟಿದ ಚಾರ್ಲ್ಸ್ ಮೇಸನ್ 1907ರಲ್ಲಿ ಲಾಸ್ ಏಂಜಲಿಸ್‌ನ ಅಜೂಸಾ ಬೀದಿಯ ಪ್ರಾರ್ಥನಾ ಕೂಟಗಳಿಗೆ ಹೋಗಿ ಬಂದವನು. ಆತನ ಸಭೆಯವರು ಕೀರ್ತನೆ 150ನ್ನು ಓದಿ ಬದಿಗಿಡಲಿಲ್ಲ. ತುತ್ತೂರಿ, ದಮ್ಮಡಿ, ತಂತಿವಾದ್ಯ, ತಾಳ ಎಂದು ಅಲ್ಲಿ ಏನೇನಿದೆಯೋ ಅದೆಲ್ಲವನ್ನೂ ಆರಾಧನೆಗೆ ತಂದರು. ಬೇರೆ ಚರ್ಚುಗಳಲ್ಲಿ ಗಿಟಾರ್ ಎಂದರೆ ಹೆಂಡದಂಗಡಿಯ ವಾದ್ಯ ಎನ್ನುತ್ತಿದ್ದ ಕಾಲ ಅದು. ರೊಸೆಟ್ಟಾ ಅದನ್ನು ಕಲಿತದ್ದು ದೇವರ ಮನೆಯಲ್ಲಿ. ಆರನೆಯ ವಯಸ್ಸಿಗೆ ಅಮ್ಮನ ಜೊತೆ ಸಭೆಗಳಲ್ಲಿ ನುಡಿಸಿ ಹಾಡುತ್ತಿದ್ದಳು. ಆ ಸಭೆಯಲ್ಲಿ ಹೆಂಗಸರನ್ನು ಕರೆಯುವುದೇ ಸಿಸ್ಟರ್ ಎಂದು. ನಮ್ಮ ಗೊಂದಲಕ್ಕೆ ಅಲ್ಲಿ ಉತ್ತರ ಸಿಕ್ಕಿತು.

ತಾಯಿ ಮಗಳು ಮುಂದೆ ಶಿಕಾಗೋ ಸೇರಿದರು. ಅವರು ಹಾಡುತ್ತಿದ್ದ ಸಭೆ ನಂತರ ರಾಬರ್ಟ್ಸ್ ಟೆಂಪಲ್ ಎಂದು ಹೆಸರಾಯಿತು. 1955ರಲ್ಲಿ ಬಿಳಿಯರು ಕೊಂದುಹಾಕಿದ ಹದಿನಾಲ್ಕು ವರ್ಷದ ಬಾಲಕ ಎಮೆಟ್ ಟಿಲ್‌ನ ಶವಪೆಟ್ಟಿಗೆಯನ್ನು ಆತನ ತಾಯಿ ಜನರೆಲ್ಲ ನೋಡಲಿ ಎಂದು ತೆರೆದಿಟ್ಟದ್ದು ಇದೇ ದೇವಾಲಯದಲ್ಲಿ. ರೊಸೆಟ್ಟಾಳ ಹಾಡುಗಳು ಎಂಥ ಜನರ ನಡುವಿನಿಂದ ಬಂದವು ಎಂಬುದು ಇದನ್ನು ಓದಿದ ಮೇಲೆ ನಮಗೆ ಸ್ವಲ್ಪ ಅರ್ಥವಾಯಿತು.

1938ರಲ್ಲಿ ಆಕೆ ನ್ಯೂಯಾರ್ಕಿಗೆ ಬಂದು ಕಾಟನ್ ಕ್ಲಬ್ಬಿನಲ್ಲಿ ಹಾಡಿದಳು. ಕುಡಿತ, ಕುಣಿತ ಎಲ್ಲ ಇರುವ ಜಾಗ. ಅದೇ ವರ್ಷ ಅಕ್ಟೋಬರ್ 31ರಂದು ಡೆಕ್ಕಾ ಕಂಪನಿಗೆ ನಾಲ್ಕು ಹಾಡು ಕೊಟ್ಟಳು. ಅದರಲ್ಲಿ ಒಂದು 'ರಾಕ್ ಮಿ'. ಇದನ್ನು ಬರೆದವರು ಸುವಾರ್ತಾ ಗೀತೆಗಳ ದೊಡ್ಡ ಹೆಸರು ಥಾಮಸ್ ಡಾರ್ಸಿ. ಅವರಿಗೆ ಅದು ದೇವರ ಮಡಿಲಲ್ಲಿ ತೂಗಿಸಿಕೊಳ್ಳುವ ಮಗುವಿನ ಪ್ರಾರ್ಥನೆ. ಕ್ಲಬ್ಬಿನಲ್ಲಿ ಕುಳಿತವರ ಕಿವಿಗೆ ಅದು ಬೇರೆಯೇ ರೀತಿಯಲ್ಲಿ ಬಿದ್ದಿರಬೇಕು. ಡಿಸೆಂಬರ್ 23ರಂದು ಪ್ರಖ್ಯಾತ ಕಾರ್ನೆಗಿ ಹಾಲ್‌ನಲ್ಲೂ ಹಾಡಿದಳು. ಸಭೆಯ ಹಿರಿಯರಿಗೆ ಸಿಟ್ಟು ಬಂತು. ದೇವರ ಹಾಡನ್ನು ಹೆಂಡದ ಜೊತೆ ಮಾರುತ್ತಾಳೆ ಎಂದರು. ಈ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲು ನಮಗೂ ಆಗುವುದಿಲ್ಲ. ನಾವು ಪೂಜೆಯಲ್ಲಿ ಹಾಡುವ ಹಾಡನ್ನು ಯಾರಾದರೂ ಬಾರಿನಲ್ಲಿ ಹಾಡಿದರೆ ನಮ್ಮಲ್ಲೇ ಎಷ್ಟು ಮಂದಿ ಸುಮ್ಮನಿರುತ್ತೇವೆ? ಆದರೆ ಆಕೆ ಚರ್ಚನ್ನು ಬಿಟ್ಟವಳಲ್ಲ. ಅಲ್ಲೂ ಹಾಡಿದಳು, ಇಲ್ಲೂ ಹಾಡಿದಳು, ಎರಡೂ ಕಡೆ ಬೈಸಿಕೊಂಡಳು.

1944ರಲ್ಲಿ ಪಿಯಾನೋ ವಾದಕ ಸ್ಯಾಮಿ ಪ್ರೈಸ್ ಜೊತೆ 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ' ಎಂಬ ಹಾಡನ್ನು ಧ್ವನಿಮುದ್ರಿಸಿದಳು. ಅಮೆರಿಕದಲ್ಲಿ ಆಗ ಕಪ್ಪು ಜನರ ಸಂಗೀತಕ್ಕೆಂದೇ ಬೇರೆ ಮಾರಾಟ ಪಟ್ಟಿ ಇತ್ತು. 1945ರಲ್ಲಿ ಈ ಹಾಡು ಆ ಪಟ್ಟಿಯ ಎರಡನೆಯ ಸ್ಥಾನಕ್ಕೇರಿತು. ಎಲ್ವಿಸ್‌ನ ಮೊದಲ ರೆಕಾರ್ಡ್ ಬಂದದ್ದು 1954ರಲ್ಲಿ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ. ರಾಕ್ ಸಂಗೀತವನ್ನು ಮೊದಲು ಮಾಡಿದವರು ಯಾರು ಎಂದು ಪಂಡಿತರು ಈಗಲೂ ಜಗಳವಾಡುತ್ತಾರೆ. ಒಬ್ಬರದೇ ಹೆಸರು ಹೇಳುವುದು ಸರಿಯಲ್ಲ ಎಂದು ನಮಗೂ ಅನಿಸುತ್ತದೆ. ಆದರೆ ಆ ಗಿಟಾರಿನ ಓಟ, ಆ ಬಡಿತ ಎಲ್ವಿಸ್‌ಗಿಂತ ಹತ್ತು ವರ್ಷ ಮೊದಲೇ ಒಂದು ಸುವಾರ್ತಾ ಗೀತೆಯಲ್ಲಿದೆ. ಕಿವಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ.

1947ರಲ್ಲಿ ಜಾರ್ಜಿಯಾದ ಮೇಕನ್ ಪಟ್ಟಣದ ಸಭಾಂಗಣದಲ್ಲಿ ತಂಪು ಪಾನೀಯ ಮಾರುತ್ತಿದ್ದ ಒಬ್ಬ ಹುಡುಗ ಕಾರ್ಯಕ್ರಮಕ್ಕೆ ಮೊದಲು ಆಕೆಯ ಹಾಡನ್ನೇ ಹಾಡುವುದು ಆಕೆಯ ಕಿವಿಗೆ ಬಿತ್ತು. ಅವನನ್ನು ವೇದಿಕೆಗೆ ಕರೆದು ಹಾಡಿಸಿದಳು. ಅವನೇ ಮುಂದೆ ಲಿಟ್ಲ್ ರಿಚರ್ಡ್ ಆದ. ಜಾನಿ ಕ್ಯಾಶ್ ಕೂಡ 1992ರಲ್ಲಿ ರಾಕ್ ಸಂಗೀತದ 'ಹಾಲ್ ಆಫ್ ಫೇಮ್' ಗೌರವ ಸ್ವೀಕರಿಸುವಾಗ ತನ್ನ ಬಾಲ್ಯದ ಮೆಚ್ಚಿನ ಗಾಯಕರ ಸಾಲಿನಲ್ಲಿ ಆಕೆಯನ್ನು ನೆನೆದ. ಯೂಟ್ಯೂಬ್ ನಮ್ಮನ್ನು ಕ್ಯಾಶ್‌ನಿಂದ ಆಕೆಯ ಬಳಿಗೆ ತಂದದ್ದು ಹಾಗಾದರೆ ತೀರ ಅಡ್ಡದಾರಿಯೇನಲ್ಲ.

ಹೆಸರು ಬಂದ ಮೇಲೂ ಊಟಕ್ಕೆ ಹೋಟೆಲಿನ ಹಿಂಬಾಗಿಲೇ ಗತಿ. ವರ್ಣಭೇದದ ಆ ದಿನಗಳಲ್ಲಿ ಪ್ರವಾಸದ ಬಸ್ಸಿನಲ್ಲೇ ಮಲಗುತ್ತಿದ್ದಳು. ಜೊತೆಗೆ ಹಾಡುತ್ತಿದ್ದ ಜೋರ್ಡನೇರ್ಸ್ ಎಂಬ ಬಿಳಿಯ ಗಾಯಕರು ಒಳಗೆ ಹೋಗಿ ಆಕೆಗೆ ಊಟ ಕಟ್ಟಿಸಿ ತರುತ್ತಿದ್ದರು. ಅವರೇ ಮುಂದೆ ಎಲ್ವಿಸ್‌ನ ಹಾಡುಗಳಿಗೆ ಹಿನ್ನೆಲೆ ದನಿಯಾದರು. 1951ರ ಜುಲೈ 3ರಂದು ವಾಷಿಂಗ್ಟನ್ನಿನ ಬೇಸ್‌ಬಾಲ್ ಮೈದಾನದಲ್ಲಿ ಆಕೆಯ ಮೂರನೆಯ ಮದುವೆ ನಡೆಯಿತು. ಟಿಕೆಟ್ ಕೊಟ್ಟು ಬಂದವರು ಸುಮಾರು 20 ಸಾವಿರ ಜನ! ಮದುಮಗಳು ಮದುವೆಯ ಉಡುಪಿನಲ್ಲೇ ಗಿಟಾರ್ ನುಡಿಸಿದಳು. ಇದು ನಮಗೆ ಅಷ್ಟು ಹಿಡಿಸಲಿಲ್ಲ ಎಂದು ಹೇಳಿಬಿಡುತ್ತೇವೆ.

1950ರ ದಶಕದಲ್ಲಿ ಅಮೆರಿಕದಲ್ಲಿ ಆಕೆಯ ಬೇಡಿಕೆ ಇಳಿಯಿತು. ಹುಡುಗರೆಲ್ಲ ಎಲ್ವಿಸ್ ಕಡೆ ಹೊರಟಿದ್ದರು. ಆಗ ಕರೆದದ್ದು ಇಂಗ್ಲೆಂಡ್. 1957ರಲ್ಲಿ ಕ್ರಿಸ್ ಬಾರ್ಬರ್‌ನ ತಂಡದೊಂದಿಗೆ ಅಲ್ಲಿ ತಿರುಗಾಡಿ ಹಾಡಿದಳು. ಸಮುದ್ರದ ಆಚೆಯ ಹಳೆಯ ರೆಕಾರ್ಡುಗಳನ್ನು ಹುಡುಕಿ ಕೇಳುತ್ತಿದ್ದ ಹುಡುಗರು ಅಲ್ಲಿದ್ದರು. ಇಂಟರ್ನೆಟ್ ಇಲ್ಲದ ಕಾಲದಲ್ಲಿ ನಮ್ಮಂತೆಯೇ!

ನಾವು ನೋಡಿದ ವಿಡಿಯೋ 1964ರ ಮೇ 7ರದ್ದು. ಮ್ಯಾಂಚೆಸ್ಟರಿನ ವಿಲ್ಬ್ರಹಾಮ್ ರೋಡ್ ನಿಲ್ದಾಣಕ್ಕೆ 1958ರಿಂದ ಪ್ರಯಾಣಿಕರ ರೈಲು ನಿಂತುಹೋಗಿತ್ತು. ಗ್ರನಾಡಾ ಟೆಲಿವಿಷನ್ನಿನವರು ಅದನ್ನು ಅಮೆರಿಕದ ದಕ್ಷಿಣದ ಹಳ್ಳಿ ನಿಲ್ದಾಣದಂತೆ ಅಲಂಕರಿಸಿ, ಪೆಟ್ಟಿಗೆ, ಆಡು, ಕೋಳಿಗಳನ್ನೆಲ್ಲ ಇಟ್ಟಿದ್ದರು. ಆಕೆ ಬಿಟ್ಟು ಬಂದ ಬಡತನವನ್ನೇ ವೇದಿಕೆಗೆ ಅಲಂಕಾರ ಮಾಡಿದ್ದು ಈಗ ನೋಡುವಾಗ ಮುಜುಗರವಾಗುತ್ತದೆ. ಆಕೆ ಮಾತ್ರ ಕುದುರೆಗಾಡಿಯಲ್ಲಿ ರಾಣಿಯಂತೆ ಬಂದು ಇಳಿದಳು. ಅಷ್ಟರಲ್ಲಿ ಮಳೆ ಸುರಿದಿತ್ತು. ಮೊದಲ ಹಾಡನ್ನು ಬದಲಿಸುತ್ತೇನೆ ಎಂದು ಹೇಳಿ 'ಡಿಡ್ಂಟ್ ಇಟ್ ರೇನ್' ಎತ್ತಿಕೊಂಡಳು. ಜಲಪ್ರಳಯದ ಹಾಡು ಬಂದದ್ದು ಹೀಗೆ.

ಇದಕ್ಕೆ ಐದು ತಿಂಗಳು ಹಿಂದೆ, 1963ರ ಡಿಸೆಂಬರ್ 4ರಂದು, ಎರಡನೆಯ ವ್ಯಾಟಿಕನ್ ಮಹಾಸಭೆ ಆರಾಧನಾ ವಿಧಿಯ ಬಗ್ಗೆ ತನ್ನ ದಾಖಲೆಯನ್ನು ಪ್ರಕಟಿಸಿತ್ತು. ಪೈಪ್ ಆರ್ಗನ್‌ಗೆ ಹಿರಿಯ ಸ್ಥಾನ ಕೊಟ್ಟು, ಪೂಜೆಗೆ ಹೊಂದುವ ಬೇರೆ ವಾದ್ಯಗಳನ್ನೂ ಅಧಿಕಾರಿಗಳ ಒಪ್ಪಿಗೆ ಪಡೆದು ಬಳಸಬಹುದು ಎಂದು ಅದರಲ್ಲಿದೆ. ಮಂಜೇಶ್ವರದಿಂದ ಕಾಸರಗೋಡಿನವರೆಗೆ ನಮ್ಮ ಇಗರ್ಜಿಗಳಲ್ಲಿ ಈಗ ಗಿಟಾರ್ ಕೇಳಿಸುವುದಕ್ಕೆ ಬಾಗಿಲು ತೆರೆದದ್ದು ಆ ಸಾಲುಗಳು. ಹಾಗೆಂದು ವಾದ ಮುಗಿದಿಲ್ಲ. ಮನೆಯಲ್ಲಿ ರೋಸಿಗೆ ಗುಮಟ್ ಬಡಿದು ಹಾಡುವ ಹಿರಿಯರೇ ಪೂಜೆಯಲ್ಲಿ ಡ್ರಮ್ ಕೇಳಿದರೆ ಹುಬ್ಬೇರಿಸುತ್ತಾರೆ. "ಎಂತ ಮಕ್ಕಳೇ, ಇದು ಪೂಜೆಯೋ ಆರ್ಕೆಸ್ಟ್ರಾವೋ?" ಎಂದು ಕಳೆದ ಕ್ರಿಸ್ಮಸ್‌ನಲ್ಲೂ ಕೇಳಿಸಿಕೊಂಡಿದ್ದೇವೆ. ಕೆಲವೊಮ್ಮೆ ನಮ್ಮದೇ ತಪ್ಪು, ಮೈಕಿನ ಸದ್ದು ಜಾಸ್ತಿ ಇಟ್ಟಿರುತ್ತೇವೆ.

ರೊಸೆಟ್ಟಾ 1970ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದಳು. ಸಕ್ಕರೆ ಕಾಯಿಲೆಯಿಂದ ಒಂದು ಕಾಲನ್ನೂ ಕಳೆದುಕೊಂಡಳು. ಆದರೂ ಕುರ್ಚಿಯಲ್ಲಿ ಕುಳಿತು ಹಾಡುತ್ತಿದ್ದಳು. 1973ರ ಅಕ್ಟೋಬರ್ 9ರಂದು ಫಿಲಡೆಲ್ಫಿಯಾದಲ್ಲಿ ತೀರಿಕೊಂಡಳು. ಅಲ್ಲಿನ ನಾರ್ತ್‌ವುಡ್ ಸಮಾಧಿಭೂಮಿಯಲ್ಲಿ ಆಕೆಯ ಗೋರಿಗೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೆಸರಿನ ಕಲ್ಲೇ ಇರಲಿಲ್ಲ. ಗೇಲ್ ವಾಲ್ಡ್ ಬರೆದ ಜೀವನಚರಿತ್ರೆ 2007ರಲ್ಲಿ ಬಂತು. ಮರುವರ್ಷ ಅಭಿಮಾನಿಗಳು ಸಂಗೀತ ಕಾರ್ಯಕ್ರಮ ಮಾಡಿ ಹಣ ಕೂಡಿಸಿದರು, ಆಮೇಲೆ ಕಲ್ಲು ಬಂತು. 'ಹಾಲ್ ಆಫ್ ಫೇಮ್' ಆಕೆಯನ್ನು ಸೇರಿಸಿಕೊಂಡದ್ದು 2018ರಲ್ಲಿ. ಆಕೆಯ ಹಾಡು ಕೇಳಿ ಬೆಳೆದ ಎಲ್ವಿಸ್, ಲಿಟ್ಲ್ ರಿಚರ್ಡ್ 1986ರ ಮೊದಲ ತಂಡದಲ್ಲೇ ಒಳಗೆ ಹೋಗಿದ್ದರು.

ಮೊನ್ನೆ ಭಾನುವಾರ ಪೂಜೆಯಾದ ಮೇಲೆ ಆ ಆರ್ಕೆಸ್ಟ್ರಾ ಮಾತು ಹೇಳಿದ ಹಿರಿಯರಿಗೇ ವಿಡಿಯೋ ತೋರಿಸಿದೆವು. ಕನ್ನಡಕ ಸರಿಮಾಡಿಕೊಂಡು ಕೊನೆಯವರೆಗೂ ನೋಡಿದರು. ಹಾಡು ಯಾವುದರ ಬಗ್ಗೆ ಎಂದು ಕೇಳಿದರು, ನೋಹನ ಬಗ್ಗೆ ಎಂದೆವು. ಮೊಬೈಲ್ ವಾಪಸ್ ಕೊಡುವ ಬದಲು ಇನ್ನೊಮ್ಮೆ ಹಾಕಿ ಎಂದರು. ಎರಡನೆಯ ಸಲ ಮುಗಿದ ಮೇಲೆ ಅವರು ಕೇಳಿದ್ದು ಒಂದೇ: "ಅಷ್ಟು ಮಳೆಯಲ್ಲಿ ಆ ಕರೆಂಟಿನ ಗಿಟಾರ್ ಹಿಡಿದವಳಿಗೆ ಶಾಕ್ ಹೊಡೆಯಲಿಲ್ಲವಾ?"