ಎಣಿಸಿ ತುಂಬುವ ಬಣ್ಣ: ಇಳಕಲ್ ಮಗ್ಗ ಮತ್ತು ಪಿಕ್ಸೆಲ್

ಪಿಕ್ಸೆಲ್ ಚಿತ್ರ ಬಿಡಿಸುವವರು ಇಂದು ಬಳಸುವ ತಂತ್ರಾಂಶಗಳಲ್ಲಿ ಏಸ್‌ಪ್ರೈಟ್ ಒಂದು. ಅದರಲ್ಲಿ 'ಇಂಡೆಕ್ಸ್ಡ್' ಎಂಬ ಬಗೆಯಿದೆ. ಆ ಬಗೆಯಲ್ಲಿ ಚಿತ್ರದ ಒಂದೊಂದು ಚೌಕವೂ ಬಣ್ಣವನ್ನು ಇಟ್ಟುಕೊಂಡಿರುವುದಿಲ್ಲ, ಬರೀ ಒಂದು ಅಂಕಿಯನ್ನು ಇಟ್ಟುಕೊಂಡಿರುತ್ತದೆ. ಮೂರು ಎಂದರೆ ಯಾವ ಬಣ್ಣ ಎಂಬುದು ಪಕ್ಕದ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿ ಮೂರನೆಯದನ್ನು ಕೆಂಪಿನಿಂದ ಹಸಿರಿಗೆ ತಿರುಗಿಸಿದರೆ, ಚಿತ್ರದಲ್ಲಿರುವ ಮೂರುಗಳೆಲ್ಲ ಒಮ್ಮೆಗೇ ಹಸಿರಾಗುತ್ತವೆ.

ಈ ಉಪಾಯಕ್ಕೆ ಕಂಪ್ಯೂಟರ್ ಲೋಕದಲ್ಲಿ ಅರ್ಧ ಶತಮಾನದ ಚರಿತ್ರೆಯಿದೆ. 1973ರಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ರಿಚರ್ಡ್ ಶೂಪ್ ಕಟ್ಟಿದ 'ಸೂಪರ್‌ಪೇಂಟ್' ಹೀಗೆಯೇ 256 ಬಣ್ಣಗಳ ಪಟ್ಟಿಯಿಂದ ಕೆಲಸ ಮಾಡುತ್ತಿತ್ತು. ಆಗ ಸ್ಮೃತಿಕೋಶ ಬಲು ತುಟ್ಟಿ. ಅಂಕಿ ಚಿಕ್ಕದಾದಷ್ಟೂ ಉಳಿತಾಯ. 1985ರ 'ಸೂಪರ್ ಮಾರಿಯೋ ಬ್ರದರ್ಸ್' ಆಟದಲ್ಲಿ ಆಕಾಶದ ಮೋಡ, ನೆಲದ ಪೊದೆ ಎರಡೂ ಒಂದೇ ಆಕಾರ. ಬಿಳಿ ತುಂಬಿದರೆ ಮೋಡ, ಹಸಿರು ತುಂಬಿದರೆ ಪೊದೆ.

ಈ ಲೆಕ್ಕ ಬಾಗಲಕೋಟೆ ಜಿಲ್ಲೆಯವರಿಗೆ ಹೊಸದೇನಲ್ಲ. ಮಲಪ್ರಭೆಯ ದಂಡೆಯ ಮೇಲೆ 1909ರಲ್ಲಿ ಹಾನಗಲ್ಲ ಕುಮಾರ ಶಿವಯೋಗಿಗಳು ಶಿವಯೋಗ ಮಂದಿರವನ್ನು ಸ್ಥಾಪಿಸಿದರು. ಅದರ ಸುತ್ತಣ ಸೀಮೆಯೇ ಮಗ್ಗದ ಸೀಮೆ. ಒಂದು ಕಡೆ ಖಣದ ಗುಳೇದಗುಡ್ಡ, ಇನ್ನೊಂದು ಕಡೆ ಹುನಗುಂದ ದಾಟಿದರೆ ಸೀರೆಯ ಇಳಕಲ್. ಖಣದ ಬುಟ್ಟಾ ಎಂದರೆ ಯಾವ ಎಳೆ ಮೇಲೆ, ಯಾವ ಎಳೆ ಕೆಳಗೆ ಎಂಬ ಎಣಿಕೆ. ಕಸೂತಿಯ ಗವಂತಿ, ಮುರ್ಗಿಗಳೂ ಬಟ್ಟೆಯ ಎಳೆ ಎಣಿಸಿಯೇ ಹಾಕುವ ಹೊಲಿಗೆಗಳು. ಎಣಿಕೆ ಬದಲಾಗದೆ ದಾರ ಬದಲಾದರೆ ಹೊಸ ಖಣ, ಹೊಸ ಕಸೂತಿ. ಮೋಡ ಪೊದೆಯಾದದ್ದೂ ಹೀಗೆಯೇ.

ಕಂಪ್ಯೂಟರಿನ ಚರಿತ್ರೆ ಬರೆಯುವವರು ಮಗ್ಗವನ್ನು ಮರೆತಿಲ್ಲ. 1804ರ ಸುಮಾರಿಗೆ ಫ್ರಾನ್ಸಿನ ಜಕಾರ್ಡ್ ರೂಪಿಸಿದ ತೂತು ರಟ್ಟಿನ ಮಗ್ಗ, ಅದನ್ನು ನೋಡಿ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ರಟ್ಟು ಯೋಚಿಸಿದ್ದು, ಎಲ್ಲ ಪುಸ್ತಕಗಳಲ್ಲೂ ಬರುತ್ತದೆ. ಆದರೆ ಅಲ್ಲಿ ಮಗ್ಗ ಎಂದರೆ ಆಕಾರದ ಯಂತ್ರ ಮಾತ್ರ. ಬಣ್ಣ ಹೊಂದಿಸುವ ವಿದ್ಯೆಗೂ ಮಗ್ಗವೇ ಪಾಠಶಾಲೆಯಾಗಿತ್ತು ಎಂಬುದು ಹಿಂದೆ ಬೀಳುತ್ತದೆ.

ಪ್ಯಾರಿಸ್ಸಿನ ಗೊಬ್ಲಾಂ ನೇಯ್ಗೆ ಶಾಲೆಯ ಬಣ್ಣದ ವಿಭಾಗಕ್ಕೆ 1824ರಲ್ಲಿ ಮುಖ್ಯಸ್ಥನಾಗಿ ಬಂದವನು ರಸಾಯನಶಾಸ್ತ್ರಜ್ಞ ಶೆವ್ರೊಯ್ಲ್. ನೀಲಿ, ನೇರಳೆಗಳ ನೆರಳಿಗೆ ಬಳಸಿದ ಕಪ್ಪು ದಾರ ಪೇಲವ ಎಂಬ ದೂರು ಅವನ ಮುಂದೆ ಬಂತು. ಪರೀಕ್ಷಿಸಿದರೆ ಕಪ್ಪಿನಲ್ಲಿ ದೋಷವಿರಲಿಲ್ಲ. ಪಕ್ಕದ ಬಣ್ಣದಿಂದಾಗಿ ಕಣ್ಣಿಗೆ ಹಾಗೆ ಕಾಣುತ್ತಿತ್ತು. ಬಣ್ಣ ತನ್ನ ನೆರೆಯಿಂದ ಬದಲಾಗುತ್ತದೆ ಎಂಬ ಈ ನಿಯಮವನ್ನು ಅವನು 1839ರಲ್ಲಿ ಪುಸ್ತಕವಾಗಿ ತಂದ. ಹದಿನಾರೇ ಬಣ್ಣಗಳಲ್ಲಿ ಚಿತ್ರ ಮುಗಿಸುವ ಪಿಕ್ಸೆಲ್ ಕಲಾವಿದರೂ ಇದೇ ನಿಯಮವನ್ನು ನೆಚ್ಚಿದ್ದಾರೆ. ಬೂದು ಚೌಕವನ್ನು ಕಿತ್ತಳೆಯ ಪಕ್ಕ ಇಟ್ಟರೆ, ಪಟ್ಟಿಯಲ್ಲಿಲ್ಲದ ನೀಲಿಯ ಛಾಯೆ ತಾನಾಗಿ ಸಿಗುತ್ತದೆ.

ಇಳಕಲ್ ನೇಕಾರರಿಗೆ ಈ ನೆರೆಯ ಸಮಸ್ಯೆ ಇನ್ನೂ ಬಿಗಿಯಾದದ್ದು. ಬಟ್ಟೆಯಲ್ಲಿ ಕಾಣುವ ಬಣ್ಣ ಒಂದೇ ದಾರದ್ದಲ್ಲ, ಹಾಸು ಹೊಕ್ಕು ಎರಡರದ್ದೂ ಹೌದು. ಒಂದೇ ಲಾಳಿ ಈ ಅಂಚಿನಿಂದ ಆ ಅಂಚಿಗೆ ಓಡಿದರೆ ಒಡಲಿನ ಕಡುನೀಲಿ ಹೊಕ್ಕು ದಡಿಯ ಕೆಂಪು ಹಾಸಿನೊಳಗೂ ಸೇರಿ ಕೆಂಪು ಮಂಕಾಗುತ್ತದೆ. ಅದಕ್ಕೇ ಮೂರು ಲಾಳಿಗಳ ಕೊಂಡಿ ನೇಯ್ಗೆ. ಎರಡು ದಡಿಗೆ ಎರಡು, ಒಡಲಿಗೆ ಒಂದು. ಒಡಲು ದಡಿಗಳು ಕೂಡುವಲ್ಲಿ ಎಳೆಗೆ ಎಳೆ ಕೊಂಡಿ ಬೀಳುತ್ತದೆ, ಬಣ್ಣಗಳು ಬೆರೆಯುವುದಿಲ್ಲ. ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕುಣಿಕೆ ಹಾಕಿ ಕೂಡಿಸುವ ಟೋಪ್ ತೆನಿಯ ಫಲವೂ ಇಂಥದೇ. ಕೆಂಪು ರೇಷ್ಮೆಯ ಸೆರಗು, ಅದರ ಬಿಳಿ ತೆನೆಗಳು ಒಡಲಿನ ಬಣ್ಣ ತಾಗದೆ ನಿಲ್ಲುತ್ತವೆ. ಪರದೆಯ ಮೇಲೆ ಎರಡು ಚೌಕಗಳ ನಡುವೆ ಪುಕ್ಕಟೆಯಾಗಿ ಸಿಗುವ ಗೆರೆಯನ್ನು ಕುಣಿಮಗ್ಗದಲ್ಲಿ ಕೂತು ದುಡಿದು ಪಡೆಯಬೇಕು.

ಬೆಲೆಯ ಪ್ರಶ್ನೆ ಬರುವುದು ಇಲ್ಲೇ. ಮಾರಿಯೋ ಬಂದ 1985ರಲ್ಲೇ ನಮ್ಮ ಸಂಸತ್ತು ಕೈಮಗ್ಗಕ್ಕೆ ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಡುವ ಕಾಯ್ದೆ ತಂದಿತು. ವಿದ್ಯುತ್ ಮಗ್ಗದ ಎದುರು ಅದೊಂದು ಬೇಲಿ. ಈಗ ವಿನ್ಯಾಸ ಒಂದು ಕಡತ. ಸೀರೆಯ ಫೋಟೋ ಹಿಡಿದು, ಚೌಕಗಳಾಗಿ ಒಡೆದು, ಪಟ್ಟಿಯಲ್ಲಿ ಬಣ್ಣ ತಿರುಗಿಸಿದರೆ ಹತ್ತು 'ಇಳಕಲ್'ಗಳು ನಿಮಿಷದಲ್ಲಿ ತಯಾರು. ಅವನ್ನು ಬಟ್ಟೆಯ ಮೇಲೆ ಅಚ್ಚು ಹಾಕಿಯೂ ಮಾರಬಹುದು. ಇದೇ ಕಡತ ನೇಕಾರರ ಕೈಗೆ ಸಿಕ್ಕರೆ, ಹಾಸು ಹೂಡುವ ಮೊದಲೇ ಬಣ್ಣ ನೋಡಿಕೊಳ್ಳಲು ನೆರವಾಗುತ್ತದೆ, ರೇಷ್ಮೆ ಹಾಳಾಗುವುದು ತಪ್ಪುತ್ತದೆ. ಹಾಗಾಗಿ ತಂತ್ರಾಂಶವನ್ನೇ ದೂರಿ ಫಲವಿಲ್ಲ.

ದೂರಬೇಕಾದದ್ದು ದಾಖಲಿಸುವ ರೀತಿಯನ್ನು. ಹಳೆಯ ಸೀರೆಗಳನ್ನು ಡಿಜಿಟಲ್ ಮಾಡುವಾಗ ಚೌಕಕ್ಕೊಂದು ಬಣ್ಣ ಬರೆದು ಮುಗಿಸಿದರೆ ಫೋಟೋ ಉಳಿಯುತ್ತದೆ, ನೇಯ್ಗೆ ಉಳಿಯುವುದಿಲ್ಲ. ಹಾಸಿನ ಬಣ್ಣ ಯಾವುದು, ಹೊಕ್ಕಿನದು ಯಾವುದು, ದಡಿಯಲ್ಲಿ ಕೊಂಡಿ ಇದೆಯೋ ಇಲ್ಲವೋ, ಈ ಮೂರನ್ನು ಬೇರೆ ಬೇರೆಯಾಗಿ ಬರೆದಿಡಬೇಕು. ಆಗ ಮಾತ್ರ ಆ ಕಡತದಿಂದ ಮತ್ತೊಂದು ಸೀರೆ ನೇಯಬಹುದು, ಅಚ್ಚಿನ ಸೀರೆಗೂ ನೇಯ್ದ ಸೀರೆಗೂ ಇರುವ ವ್ಯತ್ಯಾಸವನ್ನು ಕೊಳ್ಳುವವರಿಗೆ ತೋರಿಸಲೂಬಹುದು.