ಹೊಕ್ಕುಳಿನ ಕೆಳಗೆ ಏನಿದೆ? ಅಲ್ ಝಹ್ರಾವಿಯಿಂದ ಲ್ಯಾಪರೊಸ್ಕೋಪಿಯವರೆಗೆ

ಪಿತ್ತಕೋಶದ ಕಲ್ಲಿಗೆ ಲ್ಯಾಪರೊಸ್ಕೋಪಿ ಎಂದರೆ ಇಂದು ನಮ್ಮ ಮನೆಗಳಲ್ಲಿ ಯಾರೂ ಬೆಚ್ಚುವುದಿಲ್ಲ. ಆದರೆ ಶಸ್ತ್ರವೈದ್ಯರು ಹೆಚ್ಚು ಜಾಗರೂಕರಾಗಿರುವುದು ಹೊಟ್ಟೆಯೊಳಗೆ ಪ್ರವೇಶಿಸುವ ಮೊದಲ ಕ್ಷಣದಲ್ಲಿ. ಕ್ಯಾಮೆರಾಕ್ಕಿಂತ ಮುಂಚೆ ಸೂಜಿ ಒಳಹೋಗಬೇಕು. ಆಗ ಕಣ್ಣಿಗೆ ಏನೂ ಕಾಣದು. ಅಂಗರಚನೆಯ ಜ್ಞಾನವೇ ಅಲ್ಲಿ ಕಣ್ಣು.

ಈ ಜ್ಞಾನಕ್ಕಾಗಿ ಹಂಬಲಿಸಿದವರಲ್ಲಿ ಅಂದಲುಸ್‌ನ ಅಬುಲ್ ಕಾಸಿಮ್ ಅಲ್ ಝಹ್ರಾವಿ (ಮರಣ ಸುಮಾರು 1013) ಪ್ರಮುಖರು. 30 ಭಾಗಗಳ ಅವರ ‘ಅತ್ತಸ್ರೀಫ್’ ಗ್ರಂಥದ ಕೊನೆಯ ಭಾಗ ಶಸ್ತ್ರಚಿಕಿತ್ಸೆಗೆ ಮೀಸಲು. ಅದರಲ್ಲಿರುವ ಉಪಕರಣಗಳ ಚಿತ್ರಗಳನ್ನು ನಾವು ಅಭಿಮಾನದಿಂದ ತೋರಿಸುತ್ತೇವೆ. ಪೀಠಿಕೆಯನ್ನು ಓದುವವರು ಕಡಿಮೆ. ಅಲ್ಲಿ ಅವರು ತಾವು ಕಂಡ ಸಾವುಗಳನ್ನು ಬರೆದಿದ್ದಾರೆ. ಅಜ್ಞಾನಿ ವೈದ್ಯನೊಬ್ಬ ಸ್ತ್ರೀಯೊಬ್ಬಳ ಕತ್ತಿನ ಗಂಟನ್ನು ಕೊಯ್ಯಲು ಹೋಗಿ ರಕ್ತನಾಳಗಳನ್ನೇ ಕತ್ತರಿಸಿದ. ಆಕೆ ಅವನ ಎದುರೇ ಅಸುನೀಗಿದಳು. ಇನ್ನೊಬ್ಬ, ವೃದ್ಧನ ಮೂತ್ರಕೋಶದ ಕಲ್ಲಿನೊಂದಿಗೆ ಕೋಶದ ಒಂದು ತುಂಡನ್ನೂ ಕಿತ್ತ. ಅಂಗರಚನೆ ಅರಿಯದವನು ಶಸ್ತ್ರ ಹಿಡಿದರೆ ಪ್ರಾಣಹಾನಿ ಮಾಡುತ್ತಾನೆಂಬುದೇ ಅವರ ದೂರು. ವೈದ್ಯವಿದ್ಯೆ ತಿಳಿಯದೆ ಚಿಕಿತ್ಸೆಗಿಳಿದವನು ಹಾನಿಗೆ ಹೊಣೆಗಾರನೆಂಬ ಪ್ರವಾದಿವರ್ಯರ(ಸ) ಬೋಧನೆ ಅಬೂದಾವೂದ್‌ನಲ್ಲಿದೆ. ಅದರ ಭಾರವನ್ನು ಈ ಪುಟಗಳಲ್ಲಿ ಕಾಣಬಹುದು.

ಹೊಟ್ಟೆಯ ಗಾಯದ ಅಧ್ಯಾಯದಲ್ಲಿ ಅವರು ಕೊಡುವ ಒಂದು ಸೂಚನೆ ಸೋಜಿಗದ್ದು. ಗಾಯ ಕೆಳಹೊಟ್ಟೆಯಲ್ಲಿದ್ದರೆ ರೋಗಿಯ ಕಾಲುಗಳನ್ನು ತಲೆಗಿಂತ ಎತ್ತರಕ್ಕಿಡಬೇಕು. ಮೇಲ್ಭಾಗದಲ್ಲಿದ್ದರೆ ತಲೆ ಮತ್ತು ಎದೆಯನ್ನು ಎತ್ತರಿಸಬೇಕು. ಕರುಳು ತನ್ನ ಭಾರದಿಂದಲೇ ಗಾಯದಿಂದ ದೂರ ಸರಿಯುತ್ತದೆ. ಇಂದಿಗೂ ಗರ್ಭಕೋಶದ ಲ್ಯಾಪರೊಸ್ಕೋಪಿಗೆ ಮೇಜಿನ ತಲೆಯ ಭಾಗವನ್ನು ತಗ್ಗಿಸುತ್ತಾರೆ, ಪಿತ್ತಕೋಶಕ್ಕೆ ಎತ್ತರಿಸುತ್ತಾರೆ. ಇಲ್ಲಿಂದ ಅಲ್ಲಿಗೆ ನೇರ ಪರಂಪರೆಯಿದೆ ಎಂದು ನಾನು ಹೇಳುತ್ತಿಲ್ಲ. ಹೊಟ್ಟೆಯ ರಚನೆ ಎರಡೂ ಕಾಲದಲ್ಲಿ ಒಂದೇ, ಅಷ್ಟೆ.

ಲ್ಯಾಪರೊಸ್ಕೋಪಿ ಹುಟ್ಟಿದ್ದು ಯುರೋಪಿನಲ್ಲಿ. 1901ರಲ್ಲಿ ಜರ್ಮನಿಯ ಕೆಲ್ಲಿಂಗ್ ನಾಯಿಯ ಹೊಟ್ಟೆಗೆ ಗಾಳಿ ತುಂಬಿ ಒಳಗನ್ನು ನೋಡಿದರು. 1910ರಲ್ಲಿ ಸ್ವೀಡನ್‌ನ ಯಾಕೊಬೇಯಸ್ ಮನುಷ್ಯರಲ್ಲಿ ಮಾಡಿದ ಪರೀಕ್ಷೆಗಳನ್ನು ಪ್ರಕಟಿಸಿದರು. 1938ರಲ್ಲಿ ಹಂಗೇರಿಯ ವೆರೆಶ್ ಒಂದು ಸೂಜಿಯನ್ನು ವರ್ಣಿಸಿದರು. ಅದು ಮೂಲತಃ ಕ್ಷಯರೋಗಿಗಳ ಎದೆಗೂಡಿಗಾಗಿ ತಯಾರಾದದ್ದು. ಚರ್ಮ, ಸ್ನಾಯುಗಳ ತಡೆ ಮುಗಿದೊಡನೆ ಸ್ಪ್ರಿಂಗಿನ ಬಲದಿಂದ ಒಳಗಿನ ಮೊಂಡು ತುದಿ ಮುಂದೆ ಚಿಮ್ಮಿ ಚೂಪನ್ನು ಮರೆಮಾಡುತ್ತದೆ.

ಹೊಕ್ಕುಳಿನಲ್ಲಿ ಹೊಟ್ಟೆಯ ಗೋಡೆ ಅತಿ ತೆಳು. ಆದ್ದರಿಂದಲೇ ಪ್ರವೇಶ ಅಲ್ಲಿ ಸುಲಭ. ಆದರೆ ಸುಮಾರು ಅದೇ ಮಟ್ಟದಲ್ಲಿ, ಬೆನ್ನುಮೂಳೆಯ ಮುಂದೆ, ಮಹಾಪಧಮನಿ ಎರಡಾಗಿ ಕವಲೊಡೆಯುತ್ತದೆ. ತೆಳ್ಳನೆಯವರಲ್ಲಿ ಗೋಡೆಗೂ ಅದಕ್ಕೂ ಕೆಲವೇ ಸೆಂಟಿಮೀಟರ್ ಅಂತರ. 1971ರಲ್ಲಿ ಹ್ಯಾಸನ್ ಎಂಬ ವೈದ್ಯರು ಕುರುಡು ಚುಚ್ಚುವಿಕೆಯನ್ನೇ ಬಿಟ್ಟು, ಪದರ ಪದರವಾಗಿ ಕಣ್ಣೆದುರೇ ಬಿಡಿಸಿ ಒಳಹೋಗುವ ವಿಧಾನವನ್ನು ಪ್ರಕಟಿಸಿದರು. ಹಿಂದೆ ಶಸ್ತ್ರಚಿಕಿತ್ಸೆಯಾದವರಲ್ಲಿ ಕರುಳು ಗೋಡೆಗೇ ಅಂಟಿಕೊಂಡಿರಬಹುದು. ಅಂಥವರಲ್ಲಿ ಎಡ ಪಕ್ಕೆಲುಬಿನ ಅಂಚಿನ ಕೆಳಗಿನಿಂದ ಪ್ರವೇಶಿಸುವುದೂ ಉಂಟು. “ಹಿಂದೆ ಸಿಸೇರಿಯನ್ ಆಗಿತ್ತೇ?” ಎಂದು ವೈದ್ಯರು ನಮ್ಮ ತಾಯಂದಿರನ್ನು ಕೇಳುವುದು ಇದೇ ಕಾರಣಕ್ಕೆ.