ಸೂಪರ್‌ಮ್ಯಾನನ ಚಿತ್ರಕಾರ ಜೋ ಶಸ್ಟರ್

ಕಾವ್ಯನಾಟಕಗಳ ಕರ್ತೃಗಳನ್ನು ಲೋಕವು ಹೆಸರಿಟ್ಟು ಸ್ಮರಿಸುತ್ತದೆ. ಮಕ್ಕಳು ಓದುವ ಚಿತ್ರಕಥೆಯ ಪುಸ್ತಿಕೆಗಳನ್ನು ಬರೆದವರಿಗೆ ಈ ಭಾಗ್ಯವು ಬಹುಕಾಲ ಲಭಿಸಲಿಲ್ಲ. ನೀಲಿಯ ಬಿಗಿಯುಡುಪಿನ, ಕೆಂಪು ಹೊದಿಕೆಯ ಅತಿಮಾನುಷ ವೀರ ಸೂಪರ್‌ಮ್ಯಾನನನ್ನು ಅರಿಯದ ದೇಶವಿಲ್ಲ. ಅವನಿಗೆ ರೂಪ ಕೊಟ್ಟ ಜೋ ಶಸ್ಟರನನ್ನು ಅರಿತವರು ವಿರಳ.

ಶಸ್ಟರನು 1914ನೆಯ ಇಸವಿ ಜುಲೈ 10ರಂದು ಕೆನಡಾ ದೇಶದ ಟೊರಾಂಟೊ ನಗರದಲ್ಲಿ, ಯೂರೋಪಿನಿಂದ ವಲಸೆ ಬಂದ ಯೆಹೂದಿ ಕುಟುಂಬದಲ್ಲಿ ಜನಿಸಿದನು. ತಂದೆ ದರ್ಜಿ. ಬಾಲಕನು ಬೀದಿಯಲ್ಲಿ 'ಡೈಲಿ ಸ್ಟಾರ್' ಪತ್ರಿಕೆಯನ್ನು ಮಾರುತ್ತಿದ್ದನು. ಅವನಿಗೆ ಹತ್ತು ವರ್ಷಗಳಾಗುವ ವೇಳೆಗೆ ಸಂಸಾರವು ಅಮೆರಿಕಾದ ಕ್ಲೀವ್‌ಲೆಂಡಿಗೆ ಬಂದಿತು. ಒಳ್ಳೆಯ ಕಾಗದ ಕೊಳ್ಳುವ ಶಕ್ತಿಯಿಲ್ಲ. ಗೋಡೆಗೆ ಅಂಟಿಸುವ ಕಾಗದದ ಹಿಂಬದಿಯೇ ಅವನ ಚಿತ್ರಪಟವಾಯಿತು. ತಾಯಿ ರೊಟ್ಟಿಯ ಹಿಟ್ಟು ನಾದುವ ಹಲಗೆಯೇ ಬರೆಯುವ ಮಣೆ. ವಾರಕ್ಕೊಮ್ಮೆ ಹಿಟ್ಟು ನಾದುವ ದಿನ ಬಂದಾಗ ಚಿತ್ರಕಲೆಗೆ ಅನಧ್ಯಯನ!

ಗ್ಲೆನ್‌ವಿಲ್ ಪ್ರೌಢಶಾಲೆಯಲ್ಲಿ ಅವನಿಗೆ ಸಮವಯಸ್ಕನಾದ ಜೆರಿ ಸೀಗಲ್ ದೊರೆತನು. ಇಬ್ಬರೂ ಸಂಕೋಚಸ್ವಭಾವದವರು, ಇಬ್ಬರಿಗೂ ಕನ್ನಡಕ. ಸೀಗಲನು ಕಥೆ ಹೆಣೆದನು, ಶಸ್ಟರನು ರೂಪಿಸಿದನು. 1933ರಲ್ಲಿ ಅವರು ಪ್ರಕಟಿಸಿದ ಮೊದಲ ಕಥೆಯಲ್ಲಿ ಸೂಪರ್‌ಮ್ಯಾನನು ದುಷ್ಟನಾಗಿದ್ದನು. ಬಳಿಕ ಅವನನ್ನು ದೀನರಕ್ಷಕನನ್ನಾಗಿ ತಿರುಗಿಸಿದರು. ವೃತ್ತಪತ್ರಿಕೆಗಳಿಗೆ ಚಿತ್ರಮಾಲೆ ಒದಗಿಸುವ ಸಂಸ್ಥೆಗಳು ಆ ಕಥೆಯನ್ನು ಮತ್ತೆ ಮತ್ತೆ ತಿರಸ್ಕರಿಸಿದುವು. ಕಡೆಗೆ ಜೂನ್ 1938ರ ತಾರೀಖು ಹೊತ್ತ 'ಆಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯಲ್ಲಿ ಅದು ಬೆಳಕು ಕಂಡಿತು. ವೀರನು ಮೋಟಾರು ಗಾಡಿಯನ್ನೇ ತಲೆಯ ಮೇಲೆತ್ತಿ ಬಂಡೆಗೆ ಅಪ್ಪಳಿಸುವ ಆ ಮುಖಪುಟವು ಪ್ರಸಿದ್ಧವಾಗಿದೆ. ಮನುಷ್ಯರ ನಡುವೆ ಆ ವೀರನು ತಾಳುವ ವೇಷ ಕನ್ನಡಕದ ಅಂಜುಬುರುಕ ಪತ್ರಕರ್ತ ಕ್ಲಾರ್ಕ್ ಕೆಂಟನದು. ಅವನು ಮೊದಲು ದುಡಿದ ಪತ್ರಿಕೆಗೂ 'ಡೈಲಿ ಸ್ಟಾರ್' ಎಂದೇ ಹೆಸರು.

ಶಸ್ಟರನ ಅಂಗರಚನೆ ಶಾಸ್ತ್ರಶುದ್ಧವಲ್ಲ. ಮುಖಗಳು ಒರಟು, ಕಣ್ಣುಗಳು ಬರಿಯ ಗೀರುಗಳು. ಪಂಡಿತರು ಇದನ್ನು ದೋಷವೆಂದೆಣಿಸಬಹುದು. ಆದರೆ ಚಿತ್ರದಲ್ಲಿ ಆಚಾರ್ಯರು ರೇಖೆಯನ್ನೇ ಮೆಚ್ಚುವರೆಂದು ನಮ್ಮ ವಿಷ್ಣುಧರ್ಮೋತ್ತರವು ಹೇಳುತ್ತದಷ್ಟೆ. ಆ ದೃಷ್ಟಿಯಿಂದ ನೋಡಿದರೆ ಶಸ್ಟರನ ಬೆಲೆ ತಿಳಿಯುತ್ತದೆ. ಅವನ ರೇಖೆ ನಿಲ್ಲುವುದಿಲ್ಲ, ಓಡುತ್ತದೆ. ಸರ್ಕಸ್ಸಿನ ಜಟ್ಟಿಗಳ ಬಿಗಿಯುಡುಪನ್ನು ಅವನು ವೀರನಿಗೆ ತೊಡಿಸಿದನು. ಚಲನೆ ಕಣ್ಣಿಗೆ ಕಟ್ಟಲೆಂದು ಬೆನ್ನಿಗೆ ಹೊದಿಕೆಯನ್ನು ಬಿಟ್ಟನು. ಉಡುಪು, ಎದೆಯ ಲಾಂಛನ, ಗುಪ್ತವಾದ ಇಮ್ಮಡಿ ಬಾಳು ಇವು ಮೂರೂ ಅನಂತರದ ವೀರರಿಗೆಲ್ಲ ಕುಲಧರ್ಮವಾದುವು. ಮರುವರ್ಷವೇ ಬ್ಯಾಟ್‌ಮ್ಯಾನನು ಬಂದನು. ಅದೇ ವರ್ಷ ಬಂದ ವಂಡರ್ ಮ್ಯಾನನಂತೂ ಅನುಕರಣವೆಂದು ನ್ಯಾಯಾಲಯದಲ್ಲಿಯೇ ಸೋತನು.

ಇಷ್ಟಕ್ಕೆಲ್ಲ ದೊರೆತ ಸಂಭಾವನೆಯಾದರೂ ಏನು? ಹದಿಮೂರು ಪುಟಗಳಿಗೆ 130 ಡಾಲರು. ಅದರೊಂದಿಗೆ ಸೂಪರ್‌ಮ್ಯಾನನ ಸರ್ವಸ್ವಾಮ್ಯವೂ ಪ್ರಕಾಶಕರ ಪಾಲಾಯಿತು. ಬೇರೆ ಕೆಲಸಗಳ ಬಾಕಿಯೂ ಸೇರಿ 1938ರ ಮಾರ್ಚ್ 1ರಂದು ಬರೆದ 412 ಡಾಲರಿನ ಚೆಕ್ಕಿನಲ್ಲಿ ಇಬ್ಬರ ಹೆಸರಿನ ಅಕ್ಷರಗಳೂ ತಪ್ಪಾಗಿದ್ದುವು. ಆ ಚೆಕ್ಕೇ 2012ರಲ್ಲಿ 1,60,000 ಡಾಲರಿಗೆ ಹರಾಜಾಯಿತು.

ಇತ್ತ ಶಸ್ಟರನ ದೃಷ್ಟಿ ದಿನೇ ದಿನೇ ಕುಂದುತ್ತ ಬಂದಿತು. ಕೆಲಸದ ಬಹುಭಾಗವನ್ನು ಸಹಾಯಕರಿಗೆ ಒಪ್ಪಿಸಬೇಕಾಯಿತು. 1947ರಲ್ಲಿ ಗೆಳೆಯರಿಬ್ಬರೂ ಸ್ವಾಮ್ಯಕ್ಕಾಗಿ ವ್ಯಾಜ್ಯ ಹೂಡಿದರು. ಮರುವರ್ಷ ರಾಜಿಯಾಗಿ ತೊಂಬತ್ತು ಸಾವಿರ ಡಾಲರಿಗೆ ಮಿಕ್ಕು ಹಣವೇನೋ ಬಂದಿತು; ಸೂಪರ್‌ಮ್ಯಾನನು ಮಾತ್ರ ಪ್ರಕಾಶಕರಲ್ಲಿಯೇ ಉಳಿದನು. ಕಥೆಯ ತಲೆಯಲ್ಲಿದ್ದ ಇವರ ಹೆಸರುಗಳೂ ಅಳಿಸಿಹೋದುವು. ಮಾರಿದ ವಸ್ತುವನ್ನು ಮರಳಿ ಕೇಳುವುದು ನ್ಯಾಯವೇ ಎನ್ನುವವರುಂಟು. ವಸ್ತುವನ್ನು ಮಾರಿದವನು ಕರ್ತೃತ್ವವನ್ನೂ ಮಾರಿದಂತಾಗುವುದೆ?

1975ರಲ್ಲಿ ಸೂಪರ್‌ಮ್ಯಾನನ ಕಥೆಯನ್ನು ದೊಡ್ಡ ಚಲಚ್ಚಿತ್ರ ಮಾಡುವ ಸಿದ್ಧತೆ ನಡೆದಿತ್ತು. ಶಸ್ಟರನು ಆಗ ನ್ಯೂಯಾರ್ಕಿನಲ್ಲಿ, ಬಹುಮಟ್ಟಿಗೆ ಅಂಧನಾಗಿ, ಸೋದರನ ಆಸರೆಯಲ್ಲಿದ್ದನು. ಸೀಗಲನು ತಮ್ಮ ಅಳಲನ್ನು ಪತ್ರಿಕೆಗಳಿಗೆ ಬರೆದನು. ನೀಲ್ ಆಡಮ್ಸ್, ಜೆರಿ ರಾಬಿನ್‌ಸನ್ ಎಂಬ ಚಿತ್ರಕಾರರು ಇವರ ಪಕ್ಷ ವಹಿಸಿ ಹೋರಾಡಿದರು. ಆ ವರ್ಷದ ಡಿಸೆಂಬರಿನಲ್ಲಿ ತಲಾ 20,000 ಡಾಲರಿನ ವರ್ಷಾಶನ ಗೊತ್ತಾಯಿತು. ಸೃಷ್ಟಿಕರ್ತರೆಂದು ಇಬ್ಬರ ಹೆಸರುಗಳನ್ನೂ ಪುನಃ ಮುದ್ರಿಸಲು ಒಪ್ಪಿಗೆಯಾಯಿತು. 1978ರ ಚಲಚ್ಚಿತ್ರದಲ್ಲಿಯೂ ಅವು ಮೂಡಿದುವು.

ಶಸ್ಟರನು 1992ರ ಜುಲೈ 30ರಂದು ಲಾಸ್ ಏಂಜಲೀಸಿನಲ್ಲಿ ತೀರಿಕೊಂಡನು. ಕೆನಡಾದ ಚಿತ್ರಕಥೆಗಾರರಿಗಾಗಿ 2005ರಲ್ಲಿ ಆರಂಭವಾದ ಪ್ರಶಸ್ತಿಗಳಿಗೆ ಅವನ ಹೆಸರನ್ನೇ ಇಟ್ಟರು.